ಹೇಸ್ಟಿಂಗ್ಸ್‌ನ ಪಿಸ್ತೂಲಿಗೆ ತೆಂಗಿನೆಣ್ಣೆ

ಇಲ್ಲ, ಕೋಲು ಪಿಸ್ತೂಲಿನ ನಳಿಗೆಯಲ್ಲಿ ಇನ್ನೂ ಒಳಗೆ ಹೋಗಬೇಕಿತ್ತು, ಇಷ್ಟಕ್ಕೇ ನಿಂತಿತಲ್ಲ, ತಳದ ಕಬ್ಬಿಣಕ್ಕೆ ತಾಗಿದರೆ ಟಕ್ ಎನ್ನಬೇಕು, ಈಗಷ್ಟೇ ಇದರ ಜೋಡಿಗೆ ಕೋಲು ಬಿಟ್ಟಾಗ ಟಕ್ ಎಂದಿತ್ತು, ಇದು ಎನ್ನಲಿಲ್ಲ, ಅಕ್ಕಿ ಚೀಲಕ್ಕೆ ಬೆರಳು ಒತ್ತಿದ ಹಾಗೆ ಮೆತ್ತಗೆ ತಡೆಯಿತು — ಕಸ ಇರಬಹುದು, ಹಳೆಯ ಬಟ್ಟೆಯ ಚೂರು ಇರಬಹುದು, ಇನ್ನೊಮ್ಮೆ ನೋಡು ಕ್ಲೆಮೆಂಟಿನಾ, ಅವಸರವೇನು, ಹೊರಗೆ ಮಾವಿನ ಮರದ ಕೆಳಗೆ ಸುಂದರಿ ಕೋರಿರೊಟ್ಟಿ ಬಡಿಸುತ್ತಿದ್ದಾಳೆ, ಅಕ್ಕ ಬನ್ನಿ, ರೊಟ್ಟಿ ಮೆತ್ತಗಾಗ್ತದೆ ಎಂದು ಕೂಗಿ ಕೂಗಿ ಸುಸ್ತಾಗಿದ್ದಾಳೆ, ಆಗಲಿ ಮೆತ್ತಗೆ, ನಾನು ಇಲ್ಲಿ ಎಣ್ಣೆ ಒರೆಸಲು ಬಂದವಳು, ಪಿಸ್ತೂಲುಗಳನ್ನು ಒರೆಸಿ ಪೆಟ್ಟಿಗೆಗೆ ಹಾಕಿ ಬೀಗ ಹಾಕಿದರೆ ನನ್ನ ಕೆಲಸ ಮುಗಿಯಿತು, ಅರಬರ ಈ ದೇಶದಲ್ಲಿ, ಬರ್ಕಾದ ಈ ತೋಟದ ಮನೆಯ ಈ ಕೋಣೆಯಲ್ಲಿ ಏನು ಹೆಚ್ಚು ಕಡಿಮೆಯಾದರೂ ನನ್ನನ್ನೇ ಕೇಳುವುದು, ಗೋಡೆಯ ಮೇಲಿನ ಬಾಗಿದ ಕಠಾರಿಗಳು, ಖಂಜರ್‌ಗಳು, ಆಳೆತ್ತರದ ಬತ್ತಿ ಕೋವಿಗಳು, ಈಗ ಲಂಡನ್ನಿನ ಹರಾಜಿನಿಂದ ಬಂದ ಈ ಜೋಡಿ, ಎಲ್ಲದರ ಧೂಳು ನನ್ನದು. ಅರ್ಬಾಬ್ ಕಲಿಸಿದ ಪಾಠ ನೆನಪಿದೆ, ಧಣಿಯಾದರೂ ಮೇಷ್ಟರ ಹಾಗೆ ಪಕ್ಕದಲ್ಲಿ ನಿಂತು ಹೇಳಿಕೊಟ್ಟಿದ್ದರು, ನಳಿಗೆಯೊಳಗೆ ಕೋಲು ಇಳಿಸು, ಬಾಯಿಯ ಹತ್ತಿರ ಹೆಬ್ಬೆರಳಲ್ಲಿ ಹಿಡಿ, ಹೊರಗೆಳೆ, ಅದೇ ಕೋಲನ್ನು ಹೊರಮೈಗೆ ಇಟ್ಟು ನೋಡು, ತುದಿ ಹಿಂದಿನ ಸಣ್ಣ ತೂತಿನವರೆಗೆ ಬಂದರೆ ಒಳಗೆ ಖಾಲಿ, ಬರದೆ ನಿಂತರೆ ಯಾರೋ ಯಾವುದೋ ಕಾಲದಲ್ಲಿ ತುಂಬಿಸಿ ಮರೆತಿದ್ದಾರೆ ಎಂದರ್ಥ, ಮುಟ್ಟಬೇಡ, ನನ್ನನ್ನು ಕರೆ. ಇಟ್ಟು ನೋಡಿದೆ. ತುದಿ ತೂತಿನವರೆಗೆ ಬರಲಿಲ್ಲ. ಮತ್ತೆ ಇಟ್ಟೆ, ಮತ್ತೆ ಬರಲಿಲ್ಲ, ಎರಡು ಬೆರಳು ಅಗಲದಷ್ಟು ಕಡಿಮೆ, ಎರಡು ಬೆರಳು ಎಂದರೆ ಮದ್ದು, ಅದರ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಗೋಲಿಯಷ್ಟು ದೊಡ್ಡ ಸೀಸದ ಗುಂಡು — ದೇವರೇ, ಇದು ಇವತ್ತಿನ ನಾಟಕದಲ್ಲಿ ನನ್ನ ಗಂಡ ವಾಲ್ಟರ್ ಹಿಡಿದ ಪಿಸ್ತೂಲು. ಮೆಲ್ಲಗೆ ಮೇಜಿನ ಮೇಲೆ ಇಡು, ಬಾಯಿ ಗೋಡೆಯ ಕಡೆಗೆ, ಹಾಗೆ, ಈಗ ಕೈ ತೆಗೆ.

ಪೆಟ್ಟಿಗೆ ಬಂದ ದಿನ ಒಂದನ್ನು ಪರೀಕ್ಷಿಸಿದ್ದು ನಿಜ, ಮೇಲಿದ್ದುದನ್ನು, ಅರ್ಬಾಬ್ ತಮ್ಮ ಕೈಯಾರೆ ಕೋಲು ಇಳಿಸಿದರು, ಟಕ್ ಎಂದಿತು, ಎಲ್ಲರೂ ನಕ್ಕರು, ಅಷ್ಟರಲ್ಲಿ ಇಲ್ಲಿನವರ ಕಾಫಿ ಕಹ್ವಾ ಬಂತು, ಖರ್ಜೂರ ಬಂತು, ಕಹ್ವಾ ಬಂದ ಮೇಲೆ ಈ ದೇಶದಲ್ಲಿ ಕೆಲಸ ಮುಂದುವರಿಸುವುದು ಮರ್ಯಾದೆಯಲ್ಲ, ಖಲಾಸ್ ಎಂದು ಪೆಟ್ಟಿಗೆ ಮುಚ್ಚಿದರು, ಜೋಡಿಯಲ್ಲಿ ಒಂದು ಖಾಲಿಯಾದರೆ ಇನ್ನೊಂದೂ ಖಾಲಿ ಎಂದು ಅವರೂ ಅಂದುಕೊಂಡರು, ನಾನೂ ಅಂದುಕೊಂಡೆ, ಗಂಡ ಹೆಂಡತಿಯೂ ಜೋಡಿಯೇ, ಮೂವತ್ತು ವರ್ಷದಿಂದ ನೋಡುತ್ತಿದ್ದೇನಲ್ಲ, ಒಂದರ ಹಾಗೆ ಇನ್ನೊಂದು ಎಲ್ಲಿ ಇರುತ್ತದೆ. ಪಿಸ್ತೂಲುಗಳ ಪಕ್ಕ ಇಡುವ ವಿವರದ ಚೀಟಿ ಬರೆಯಲೆಂದು ನಾನು ಕೂತು ಓದಿದ್ದೇನೂ ಕಡಿಮೆಯಲ್ಲ, ಒಂದೇ ಮಂತ್ರಿಮಂಡಲದ ಇಬ್ಬರು ಮಂತ್ರಿಗಳು ಲಂಡನ್ನಿನ ಹೊರಗೆ ಬಯಲಿಗೆ ಹೋಗಿ ಒಬ್ಬರಿಗೊಬ್ಬರು ಹಾರಿಸಿಕೊಂಡದ್ದು, ಒಬ್ಬನ ತೊಡೆಗೆ ತಾಗಿದ್ದು, ಅಮೆರಿಕದ ಉಪಾಧ್ಯಕ್ಷನೇ ತನ್ನ ಎದುರಾಳಿಯನ್ನು ಕೊಂದದ್ದು, ಇಂಗ್ಲೆಂಡಿನ ಪ್ರಧಾನಿಯೇ ಹೋಗಿ ನಿಂತದ್ದು, ಎದುರಿನವನು ಆಕಾಶಕ್ಕೆ ಹಾರಿಸಿ ಕ್ಷಮೆ ಕೇಳಿದ್ದು, ಸಭೆಯಲ್ಲಿ ಆಡಿದ ಒಂದು ಮಾತಿಗೆ ಬೆಳಿಗ್ಗೆ ಎದ್ದು ಸಾಯಲು ಹೋಗುತ್ತಿದ್ದರು ಈ ದೊಡ್ಡವರು, ಕಾಫಿಯನ್ನಾದರೂ ಕುಡಿದು ಹೋಗುತ್ತಿದ್ದರೋ ಇಲ್ಲವೋ, ಮತ್ತೆ ನಮ್ಮ ಕಲ್ಕತ್ತೆ, ಗವರ್ನರ್ ಜನರಲ್ ಹೇಸ್ಟಿಂಗ್ಸ್ ಮತ್ತು ಅವನದೇ ಕೌನ್ಸಿಲ್ಲಿನ ಫ್ರಾನ್ಸಿಸ್, ಪಿಸ್ತೂಲು ಹಿಡಿದು ಗೊತ್ತಿಲ್ಲದ ಇಬ್ಬರು, ಫ್ರಾನ್ಸಿಸನ ಮದ್ದು ತೇವವಾಗಿತ್ತಂತೆ, ಹೇಸ್ಟಿಂಗ್ಸ್ ಕಡೆಯವನೇ ಬೇರೆ ಮದ್ದು ಕೊಟ್ಟನಂತೆ, ಇದನ್ನು ಓದಿ ನಕ್ಕೂ ನಕ್ಕೂ ಸುಂದರಿಗೆ ಫೋನ್ ಮಾಡಿದ್ದು ನಾನೇ, ಅಕ್ಕ, ಇದು ನಮ್ಮ ಇಬ್ಬರ ಗಂಡಂದಿರದ್ದೇ ಕಥೆ, ಪಿಕ್‌ನಿಕ್ಕಿಗೆ ಇದನ್ನೇ ಮಾಡಿಸುವ, ಹಾಗಾದರೂ ಮಾತಾಡ್ತಾರೆ ಎಂದಳು ಅವಳು. ಮಾತಾಡದೆ ಎರಡು ವರ್ಷವಾಗಿತ್ತು, ರೂವಿ ಪೇಟೆಯ ಒಂದು ಕೋಣೆಯಲ್ಲಿ ಒಂದೇ ಪಾತ್ರೆಯಲ್ಲಿ ಗಂಜಿ ಬೇಯಿಸಿಕೊಂಡಿದ್ದ ಬ್ರಹ್ಮಚಾರಿಗಳು, ನಮ್ಮ ಮದುವೆಯಲ್ಲಿ ವಾಲ್ಟರನ ಟೈ ಕಟ್ಟಿದ್ದೂ ಸುಂದರಿಯ ಗಂಡ ಸಂಕಪ್ಪಣ್ಣನೇ, ಇಲ್ಲಿರುವ ನಮ್ಮೂರವರ ಸಂಘದ ಅಧ್ಯಕ್ಷರ ಚುನಾವಣೆಗೆ ಇಬ್ಬರೂ ನಿಂತು ವಾಲ್ಟರ್ ಸೋತದ್ದು, ಗೆದ್ದ ಸಂಕಪ್ಪಣ್ಣ ಮಹಾಸಭೆಯಲ್ಲಿ ಎಲ್ಲರ ಎದುರು, ನಮ್ಮ ಪೊರ್ಬುಗಳಿಗೆ ಮೈಕ್ ಕೊಟ್ರೆ ಮೈಕನ್ನೇ ನುಂಗ್ತಾರೆ ಎಂದದ್ದು, ಪೊರ್ಬು ಎಂದರೆ ಊರಿನಲ್ಲಿ ನಮ್ಮಂಥ ಕ್ರಿಸ್ತುವರು, ಹೇಳಿದ್ದು ಇವರಿಗೇ, ಇವರು ಕುರ್ಚಿ ತಳ್ಳಿ ಎದ್ದು ಬಂದದ್ದು, ಅಷ್ಟೇ, ಆ ಒಂದು ಮೈಕ್.

ನಾಟಕದ ಹೊತ್ತಿಗೆ ಹೊರಗೆ ಸಂಘದ ಎಲ್ಲ ಕುಟುಂಬಗಳು ಚಾಪೆ ಹಾಸಿ ಕೂತಿದ್ದವು, ಅರ್ಬಾಬ್ ಮುಂದಿನ ಕುರ್ಚಿಯಲ್ಲಿ, ವಾಲ್ಟರ್ ಹೇಸ್ಟಿಂಗ್ಸ್, ಸಂಕಪ್ಪಣ್ಣ ಫ್ರಾನ್ಸಿಸ್, ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಹೆಜ್ಜೆ ಎಣಿಸಿ ತಿರುಗಿದರು, ಹೊಗೆ ಬರಬೇಕು, ಹೊಗೆ ಇಲ್ಲದಿದ್ದರೆ ಎಂತ ನಾಟಕ ಎಂದವರು ಸಂಕಪ್ಪಣ್ಣ, ಚಿಕ್ಕಂದಿನಲ್ಲಿ ಬೀಗದ ಕೈಗೆ ಬೆಂಕಿಕಡ್ಡಿಯ ಮದ್ದು ತುಂಬಿಸಿ ಗೋಡೆಗೆ ಬಡಿದು ಸಿಡಿಸಿದ ವಿದ್ಯೆ ಅವರದು, ಬೆಳಿಗ್ಗೆಯೇ ಕೂತು ಕಡ್ಡಿಗಳ ತಲೆ ಕೆರೆದು ಪುಡಿ ಮಾಡಿ ಎರಡೂ ಪಿಸ್ತೂಲಿನ ಬದಿಯ ಬಟ್ಟಲಿಗೆ ತಮ್ಮ ಕೈಯಿಂದಲೇ ಹಾಕಿದರು, ವಾಲ್ಟರನ ಪಿಸ್ತೂಲಿಗೂ, ಅಂದರೆ ತಮ್ಮ ಎದೆಗೇ ಗುರಿ ಇಡುವ ಪಿಸ್ತೂಲಿಗೂ, ಸ್ವಲ್ಪ ಹೆಚ್ಚೇ ಹಾಕಿದ್ದೇನೆ, ಪೊರ್ಬುಗಳು ಸೋತವರಲ್ವ, ಹೊಗೆಯಾದ್ರೂ ಗೆಲ್ಲಲಿ ಎಂದು ನಕ್ಕರು, ಎರಡು ವರ್ಷದಲ್ಲಿ ಅದೇ ಮೊದಲ ಮಾತು. ಆಕಾಶಕ್ಕೆ ಹಿಡಿಯಿರಿ ಎಂದು ನಾನು ಗಿಣಿಗೆ ಹೇಳಿದ ಹಾಗೆ ಹೇಳಿಕೊಟ್ಟಿದ್ದೆ, ಯಾರು ಕೇಳಬೇಕು, ಜನ ಚಪ್ಪಾಳೆ ತಟ್ಟಿದ್ದೇ ವಾಲ್ಟರ್‌ಗೆ ಮೈಮೇಲೆ ಬಂತು, ಕೈ ನೀಡಿದ್ದು ನೆಟ್ಟಗೆ, ಸಂಕಪ್ಪಣ್ಣನ ಆ ನೀಲಿ ಶರ್ಟಿಗೆ, ಹೊಟ್ಟೆಯ ಮೇಲೆ ಬಿಗಿದು ಇನ್ನೇನು ಕಿತ್ತುಹೋಗುತ್ತದೆ ಎನ್ನುವ ಆ ಬಿಳಿ ಗುಂಡಿಗೆ, ನಾನು ಬಾಳೆಗಿಡದ ಹತ್ತಿರ ನಿಂತು ಅದನ್ನೇ ನೋಡುತ್ತಿದ್ದೆ, ಹೊಲಿಯಲು ಸುಂದರಿಗೆ ಪುರುಸೊತ್ತಿಲ್ಲವೇ ಎಂದುಕೊಂಡೆ, ಪಿಸ್ತೂಲಿನ ಕುದುರೆ ಬಿತ್ತು, ಚಕಮಕಿ ಕಲ್ಲು ಕಿಡಿ ಹಾರಿಸಿತು, ಬಟ್ಟಲಿನ ಪುಡಿ ಬುಸ್ಸೆಂದು ಹತ್ತಿತು, ಹೊಗೆ ಎದ್ದಿತು, ಹಳದಿ ಹೊಗೆ, ಅದರೊಳಗೆ ಆ ಗುಂಡಿ — ಬೆಂಕಿ ಬಟ್ಟಲಿಗೆ ಬಂದಿತ್ತು, ಬಟ್ಟಲಿನಿಂದ ತೂತಿಗೆ ಒಂದು ಕೂದಲೆಳೆ, ತೂತಿನ ಆಚೆ ಎರಡು ಬೆರಳು ಮದ್ದು ಗುಂಡು. ನಾನು ಸತ್ತೆ ಎಂದು ಎದೆ ಹಿಡಿದುಕೊಂಡು ಸಂಕಪ್ಪಣ್ಣ ಬಿದ್ದರು, ಗುಂಡು ತಾಗಿದಾಗ ಫ್ರಾನ್ಸಿಸ್ ಹಾಗೆಯೇ ಕೂಗಿದ್ದನಂತೆ ಎಂದು ನಾನೇ ಬರೆದುಕೊಟ್ಟ ಮಾತು, ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ, ಅರ್ಬಾಬ್ ಕಣ್ಣೊರೆಸಿಕೊಂಡರು, ವಾಲ್ಟರ್ ಪಿಸ್ತೂಲನ್ನು ಹುಲ್ಲಿನ ಮೇಲೆ ಹಾಕಿ ಓಡಿ ಹೋಗಿ ಅವರನ್ನು ಎಬ್ಬಿಸಿ ಅಪ್ಪಿಕೊಂಡರು. ಸತ್ತೆ ಎಂದವರನ್ನು ಎಬ್ಬಿಸಿದರು, ಎದ್ದರು ಅವರು, ಎದ್ದು ಪ್ಯಾಂಟಿನ ಹುಲ್ಲು ಕೊಡವಿಕೊಂಡರು.

ಏಕೆ ಸಿಡಿಯಲಿಲ್ಲ, ಏಕೆ ಸಿಡಿಯಲಿಲ್ಲ ಎಂದರೆ — ಇಲ್ಲಿ ನೋಡು, ಒರೆಸುವ ಬಟ್ಟೆಗೆ ಮೂಗು ಹಿಡಿದು ನೋಡು, ತೆಂಗಿನೆಣ್ಣೆ, ಅಯ್ಯೋ ನನ್ನ ಗಂಡನೇ, ನನ್ನ ಎಣ್ಣೆಬಾಟಲಿಯ ಗಂಡನೇ, ಬಾಗಿಲ ತಿರುಗಣಿಗೆ ತೆಂಗಿನೆಣ್ಣೆ, ಮಂಡಿನೋವಿಗೆ ತೆಂಗಿನೆಣ್ಣೆ, ತಲೆಗೂ ಕಿವಿಗೂ ಕಾರಿನ ಸೀಟ್ ಬೆಲ್ಟಿಗೂ ಅದೇ, ತೆಂಗು ಬೆಳೆಯುವ ಸಲಾಲಾಕ್ಕೆ ಹೋದವರೆಲ್ಲ ಇವರಿಗೆ ತರುವ ಉಡುಗೊರೆಯೂ ಅದೇ, ಬೆಳಿಗ್ಗೆ ಕುದುರೆ ಗಟ್ಟಿ ಉಂಟು ಕ್ಲೆಮಿ, ಸ್ವಲ್ಪ ಎಣ್ಣೆ ಕಾಣಿಸಿದ್ರೆ ಸರಿಯಾಗ್ತದೆ ಎಂದು ಕಾರಿನಿಂದ ಬಾಟಲಿ ತಂದರು, ನಾನು ಓಡಿ ಬರುವಷ್ಟರಲ್ಲಿ ನಳಿಗೆಯ ಬಾಯಿಗೆ ಸುರಿದಾಗಿತ್ತು, ಬದಿಯ ತೂತಿಗೂ ಹನಿ ಹನಿಯಾಗಿ ಬಿಟ್ಟಾಗಿತ್ತು, ಅವರಮ್ಮ ಶನಿವಾರ ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡು ಕಿವಿಗೆ ಬಿಡುತ್ತಿದ್ದ ಹಾಗೆಯೇ, ತಲೆ ವಾಲಿಸಿ, ಒಂದು ಗಳಿಗೆ ಕಾದು, ಇನ್ನೆರಡು ಹನಿ, ಮೇಲಿಂದ ಬೆರಳಲ್ಲಿ ತಟ್ಟಿ ಉಜ್ಜಿ, ನಾನು ಹೇಗೆ ಕೂಗಾಡಿದೆ, ಇಂಥ ವಸ್ತುವಿಗೆ ಅಡುಗೆ ಎಣ್ಣೆ ಹಾಕ್ತಾರಾ, ಇದೆಲ್ಲ ಅಂಟಾಗ್ತದೆ, ಅರ್ಬಾಬ್ ನನ್ನನ್ನು ಊರಿಗೆ ಕಳಿಸ್ತಾರೆ, ಜನ್ಮದಲ್ಲಿ ಒಂದು ದಿನವಾದ್ರೂ ಆ ಬಾಟಲಿ ಬಿಟ್ಟು ಬದುಕಿದ್ದೀರಾ ಎಂದೆಲ್ಲ, ಒರೆಸಲೂ ಬಿಡದೆ ನಾಟಕ ಶುರುವಾಯಿತು, ಕೋಪ ಬಂದು ಮಧ್ಯಾಹ್ನದ ತನಕ ನಾನು ಅವರ ಮುಖ ನೋಡಿರಲಿಲ್ಲ. ಸಂಕಪ್ಪಣ್ಣನ ಪಿಸ್ತೂಲಿಗೂ ಬಿಡಲು ಹೋಗಿದ್ದರು, ನಿಮ್ಮ ಎಣ್ಣೆ ನನಗೆ ಬೇಡ ಎನ್ನುವ ಹಾಗೆ ಅವರು ಕೈ ಅಡ್ಡ ಹಿಡಿದರು, ಒಳ್ಳೆಯದಾಯಿತು, ಎಣ್ಣೆ ಎಲ್ಲಿಗೆ ಬೇಕಿತ್ತೋ ಅಲ್ಲಿಗೇ ಬಿತ್ತು, ಇಷ್ಟು ಹಳೆಯ ಮದ್ದು ಎಣ್ಣೆ ಕುಡಿದು ಹಿಟ್ಟಿನ ಮುದ್ದೆಯಾಗಿ ಕೂತಿದೆ ಒಳಗೆ, ಬೆಂಕಿ ಬಾಗಿಲ ತನಕ ಬಂದು ಎಣ್ಣೆ ನೋಡಿ ಹಿಂದೆ ಹೋಗಿದೆ. ನಗು ಬರುತ್ತಿದೆ, ಅಳುವೂ, ಸೆರಗಿಲ್ಲ ಚೂಡಿದಾರದ ವೇಲ್ ಬಾಯಿಗೆ ಒತ್ತಿಕೊಂಡಿದ್ದೇನೆ, ಹೊರಗೆ ಕೇಳಬಾರದು, ಸುಂದರಿ ವಿಧವೆಯಾಗಲಿಲ್ಲ, ನನ್ನ ಗಂಡ ಕೊಲೆಗಾರನಾಗಲಿಲ್ಲ, ಇನ್ನು ಮನೆಯ ಯಾವ ಬಾಗಿಲಿಗೆ ಬೇಕಾದರೂ ಸುರಿಯಲಿ, ದಿಂಬಿಗೆ ಕಲೆಯಾಗಲಿ, ನಾನು ಉಸಿರೆತ್ತುವುದಿಲ್ಲ, ಎತ್ತುತ್ತೇನೆ, ನಾಳೆಯಿಂದ ಎತ್ತುತ್ತೇನೆ, ಇವತ್ತು ಇಲ್ಲ. ಅರ್ಬಾಬ್‌ಗೆ ಈಗಲೇ ಹೇಳಬೇಕು, ಅವರು ಬಲ್ಲವರನ್ನು ಕರೆಸಿ ತೆಗೆಸಲಿ, ಬಾಗಿಲಿಗೆ ಬೀಗ ಹಾಕಿ ಹೊರಗೆ ಹೋಗಬೇಕು, ಬೀಗದ ಕೈ ಎಲ್ಲಿಟ್ಟೆ.

ಬಾಗಿಲು ತೆರೆಯಿತು, ತಟ್ಟೆ ಹಿಡಿದು ಸಂಕಪ್ಪಣ್ಣ, ಅಕ್ಕ, ಸುಂದರಿ ಕೊಟ್ಟದ್ದು, ನೀವು ಬರುವಾಗ ಕೋಳಿ ಉಳೀಲಿಕ್ಕಿಲ್ಲ, ಎಂತ ಮುಖ ಹೀಗೆ, ಮತ್ತೆ ಜಗಳವಾ ಪೊರ್ಬುಗಳ ಹತ್ರ, ಅಲ್ಲ ಸಂಕಪ್ಪಣ್ಣ, ಅಲ್ಲೇ ನಿಲ್ಲಿ, ಆ ಕಡೆಗೆ ಬರಬೇಡಿ, ಅದರೊಳಗೆ ಗುಂಡು ಉಂಟು. ಹೇಳಿಬಿಟ್ಟೆ, ಯಾಕೆ ಹೇಳಿದೆ, ಬಾಯಿ ನಿಲ್ಲಲಿಲ್ಲ, ಕೋಲು ತೋರಿಸಿದೆ, ಹೊರಮೈಗೆ ಇಟ್ಟು ತೋರಿಸಿದೆ, ಅವರು ನೋಡಿದರು, ಕಡ್ಡಿ ಕೆರೆದ ಹೆಬ್ಬೆರಳನ್ನು ನೋಡಿಕೊಂಡರು, ಉಗುರಿನಲ್ಲಿ ಇನ್ನೂ ಕೆಂಪು ಪುಡಿ, ತಟ್ಟೆಯನ್ನು ಕಿಟಕಿಯ ಮೇಲಿಟ್ಟು ಬಾಗಿಲ ಪಕ್ಕಕ್ಕೆ ಒರಗಿದರು. ವಾಲ್ಟರ್‌ಗೆ ಗೊತ್ತುಂಟಾ ಎಂದರು, ಇಲ್ಲ ಎಂದೆ, ಹೇಳ್ಬೇಡಿ ಅಕ್ಕ, ಅರ್ಬಾಬ್‌ಗೆ ನಾವಿಬ್ಬರೇ ಹೋಗಿ ಹೇಳುವ, ಇವನಿಗೆ ಬೇಡ, ಇವ ಪಾಪದವ, ಗೊತ್ತಾದ್ರೆ ಜನ್ಮದಲ್ಲಿ ನೆಮ್ಮದಿಯಿಂದ ಊಟ ಮಾಡ್ಲಿಕ್ಕಿಲ್ಲ, ನನ್ನ ಮುಖ ನೋಡಿದಾಗೆಲ್ಲ ಇದೇ ಕಾಣ್ತದೆ ಅವನಿಗೆ, ಈಗ ತಾನೇ ಮಾತಾಡಿದ್ದು, ಪುನಃ ಕಳ್ಕೊಳ್ಳುವುದಾ — ಎರಡು ವರ್ಷ ಹೆಸರೆತ್ತದವರು ಇವನು ಇವನು ಎನ್ನುತ್ತಿದ್ದಾರೆ, ರೂವಿಯ ಕೋಣೆಯ ಏಕವಚನ ಅದು, ಸರಿ ಎಂದೆ, ಹೇಳುವುದಿಲ್ಲ ಎಂದೆ, ಗಂಡನಿಂದ ಮುಚ್ಚಿಡುವುದರಲ್ಲಿ ಇಷ್ಟು ಸುಖವಿದೆ ಎಂದು ಗೊತ್ತಿರಲಿಲ್ಲ. ಅಷ್ಟರಲ್ಲಿ ಮಾವಿನ ಮರದ ಕೆಳಗಿನಿಂದ ವಾಲ್ಟರನ ದನಿ, ಓ ಸಂಕಪ್ಪ, ಸತ್ತವನಿಗೆ ಅಲ್ಲಿ ಎಂತ ಕೆಲಸ, ಬಾ ಮಾರಾಯ, ನಿನ್ನ ರೊಟ್ಟಿ ನಾನು ತಿಂತೇನೆ, ಜನರ ನಗು, ಸಂಕಪ್ಪಣ್ಣ ನನ್ನನ್ನು ನೋಡಿದರು, ಕಣ್ಣು ತುಂಬಿತ್ತು, ಬಂದೆ ಎಂದು ಕೂಗಲು ಅವರು ಉಸಿರೆಳೆದುಕೊಂಡರು, ನೀಲಿ ಶರ್ಟು ಉಬ್ಬಿತು, ನೂಲು ಸಡಿಲವಾದ ಆ ಬಿಳಿ ಗುಂಡಿ ಮೇಲೆ ಬಂತು, ಕೆಳಗೆ ಇಳಿಯಿತು, ಮತ್ತೆ ಮೇಲೆ ಬಂತು, ಉಸಿರಾಡುತ್ತಿದ್ದಾರೆ, ಗುಂಡಿ ಇನ್ನೂ ಅಲ್ಲೇ ಇದೆ.