ಮಾರಮ್ಮ ಹೊಲಿದ ಮೂರು ಚೀಲ

ಅಕ್ಕ ತಂಗಿಯರೇ, ಹಳ್ಳಿಮೈಸೂರಿನ ಹತ್ತಿರದ ಒಂದು ಊರಿನಲ್ಲಿ ಲಕ್ಕಯ್ಯ, ಮಾರಮ್ಮ ಎಂಬ ಗಂಡ ಹೆಂಡಿರಿದ್ದಾರೆ. ಒಂದು ತುಂಡು ಹೊಲ, ಜೊತೆಗೆ ಕೂಲಿ. ಇಬ್ಬರಿಗೂ ಓದು ಬಾರದು. ಆದರೂ ಅವರ ಮನೆಯಲ್ಲಿದ್ದಷ್ಟು ಕಾಗದ ಶಾನುಭೋಗರ ಮನೆಯಲ್ಲೂ ಇರಲಿಲ್ಲವೇನೋ.

ತೊಲೆಗೆ ಒಂದು ಕಬ್ಬಿಣದ ತಂತಿ ತೂಗುಹಾಕಿದ್ದರು. ಕೈಗೆ ಬಂದ ಕಾಗದವನ್ನೆಲ್ಲ ಲಕ್ಕಯ್ಯ ಅದಕ್ಕೇ ಚುಚ್ಚುತ್ತಿದ್ದ. ಕಂದಾಯದ ರಸೀದಿ, ನೆಂಟರ ಲಗ್ನಪತ್ರಿಕೆ, ಅರವತ್ತೆರಡರ ಎಲೆಕ್ಷನ್ ಕರಪತ್ರ, ಟೆಂಟ್ ಸಿನಿಮಾದವರು ಸಂತೆಯಲ್ಲಿ ಹಂಚಿದ ಬಣ್ಣದ ಚೀಟಿ, ಎಲ್ಲವೂ ಒಂದೇ ತಂತಿಯಲ್ಲಿ. ತಂತಿ ತುಂಬಿದ ಮೇಲೆ ಗೋಡೆಯ ಗೂಡು. ಗೂಡು ತುಂಬಿದ ಮೇಲೆ ಚಾಪೆಯ ಸುರುಳಿ. ಜಿರಲೆ ಸೇರಿಕೊಂಡವು. ಇಲಿ ಮರಿ ಹಾಕಿತು. ಆದರೂ ಒಂದು ಚೂರನ್ನು ಎಸೆಯಲು ಲಕ್ಕಯ್ಯ ಬಿಡುತ್ತಿರಲಿಲ್ಲ.

ಆ ಭಾಗದ ಗ್ರಾಮಸೇವಿಕೆ ಹಾಸನದ ಅನಸೂಯಮ್ಮನವರು. ಮಹಿಳಾ ಮಂಡಳಿಯ ಕೆಲಸಕ್ಕೆ ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಒಂದು ದಿನ ಮಾರಮ್ಮ ಇಲಿ ಕಡಿದ ಕಾಗದದ ಚೂರುಗಳನ್ನು ಮೊರದಲ್ಲಿ ತಂದು ಅವರ ಮುಂದಿಟ್ಟಳು. ಏನು ಹಾಳಾಯಿತೋ ತಿಳಿಯದೆ ಅವಳಿಗೆ ಭಯವಾಗಿತ್ತು. ಅನಸೂಯಮ್ಮ ಮನೆಗೆ ಬಂದು, ಬೇಕಾದ್ದು ಬೇಡದ್ದು ಬೇರೆ ಮಾಡೋಣ ಎಂದರು. ಲಕ್ಕಯ್ಯ ಒಪ್ಪಲಿಲ್ಲ.

“ಯಾವ ಕಾಗ್ದದಾಗೆ ಏನೈತೋ ನಮ್ಗೇನ್ ಗೊತ್ತು ಅಮ್ಮೋರೆ? ಓದಕ್ ಬರೋರು ಎಸೀಬೌದು. ನಾವು ಎಸ್ದು, ಆಮ್ಯಾಕೆ ಅದೇ ಬೇಕು ಅಂದ್ರೆ ಎಲ್ಲಿಗೋಗನ?”

ಅನಸೂಯಮ್ಮ ನಗಲಿಲ್ಲ. ಅವನ ಅಂಜಿಕೆ ಅವರಿಗೆ ಅರ್ಥವಾಯಿತು. “ನೀವು ಹೇಳೋದು ಸರಿ ಲಕ್ಕಯ್ಯನೋರೆ. ಓದದೆ ಒಂದನ್ನೂ ಎಸೆಯೋದು ಬೇಡ. ನಾನು ಓದಿ ಹೇಳ್ತೀನಿ. ಇಡೋದೋ ಬಿಡೋದೋ ನೀವೇ ಹೇಳಿ.”

ಮೂವರೂ ಜಗಲಿಯಲ್ಲಿ ಕುಳಿತರು. ಒಂದು ಲಗ್ನಪತ್ರಿಕೆ ಓದಿದಾಗ, ಆ ಮದುವೆಯ ಹುಡುಗಿಗೆ ಈಗ ಎರಡು ಮಕ್ಕಳು ಎಂದು ಲಕ್ಕಯ್ಯನೇ ನಕ್ಕ. ಬೇಡದ ರಾಶಿ ಬೆಳೆಯಿತು. ಆ ನಡುವೆ ಇಂಗ್ಲಿಷಿನಲ್ಲಿ ಬರೆದ ಒಂದು ಆಸ್ಪತ್ರೆ ಚೀಟಿ ಸಿಕ್ಕಿತು. ಹಿಂದೊಮ್ಮೆ ಮಗಳು ಮಾಯಮ್ಮನಿಗೆ ಒಂದು ಸೂಜಿಮದ್ದು ಒಗ್ಗದೆ ಮೈಯೆಲ್ಲ ಊದಿ ಉಸಿರು ಕಟ್ಟಿತ್ತು. ಇನ್ನು ಮುಂದೆ ಈ ಮಗುವಿಗೆ ಪೆನ್ಸಿಲಿನ್ ಕೊಡಬಾರದು ಎಂದು ಆಗಿನ ಡಾಕ್ಟರು ಬರೆದುಕೊಟ್ಟಿದ್ದರು. ಮನೆಯವರಿಗೆ ಆ ದಿನ ನೆನಪಿತ್ತು, ಮದ್ದಿನ ಹೆಸರು ನೆನಪಿರಲಿಲ್ಲ. ಚೀಟಿಯ ಒಂದು ಅಂಚನ್ನು ಇಲಿ ಆಗಲೇ ತಿಂದಿತ್ತು.

ಮಾರಮ್ಮ ಅದನ್ನು ಮಡಿಸಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಅಮ್ಮೋರು ಹೋದ ಮೇಲೆ ಇದನ್ನು ಗುರುತಿಸುವುದು ಹೇಗೆ? ಅವಳೇ ಒಂದು ದಾರಿ ಕಂಡುಕೊಂಡಳು. ಹಳೆಯ ಸೀರೆ ಹರಿದು ಮೂರು ಚೀಲ ಹೊಲಿದಳು. ಹೊಲದ ಕಾಗದದ ಚೀಲಕ್ಕೆ ಹಸಿರು ದಾರದಲ್ಲಿ ರಾಗಿ ತೆನೆ, ಸ್ಕೂಲಿನದಕ್ಕೆ ಸ್ಲೇಟು, ಆಸ್ಪತ್ರೆಯದಕ್ಕೆ ಆಸ್ಪತ್ರೆಯ ಗೋಡೆಯಲ್ಲಿ ಕಂಡಿದ್ದ ಕೆಂಪು ಗುರುತು. ಮೂರನ್ನೂ ತಗಡಿನ ಟ್ರಂಕಿನಲ್ಲಿಟ್ಟಳು. ಹೊಸ ಕಾಗದ ಬಂದರೆ ಅದೇ ವಾರ ಓದಿಸಿ, ಬೇಕಾದ್ದು ಚೀಲಕ್ಕೆ, ಬೇಡದ್ದು ಒಲೆಗೆ. ಇದು ತಾವು ಹೇಳಿಕೊಟ್ಟಿದ್ದಲ್ಲ, ಮಾರಮ್ಮನ ಬುದ್ಧಿ ಎಂದು ಅನಸೂಯಮ್ಮ ಮಂಡಳಿಯಲ್ಲಿ ಎಲ್ಲರೆದುರು ಹೊಗಳಿದರು. ಲಕ್ಕಯ್ಯ ಮಾತ್ರ ಚೀಲದಿಂದ ಏನಾದೀತು ಎನ್ನುತ್ತಲೇ ಇದ್ದ.

ಆ ವರ್ಷ ಕೊಯ್ಲಿನಲ್ಲಿ ಮಾಯಮ್ಮನ ಕಾಲಿಗೆ ಕುಡುಗೋಲು ತಗುಲಿತು. ಗಾಯ ಕೀವಾಗಿ, ಜ್ವರ ಏರಿ, ಹುಡುಗಿ ಕಣ್ಣು ತೆರೆಯಲಿಲ್ಲ. ಲಕ್ಕಯ್ಯ ಓಡಿಹೋಗಿ ಗಾಡಿ ತಂದ. ಮಾರಮ್ಮ ಟ್ರಂಕು ತೆರೆದು ಕೆಂಪು ಗುರುತಿನ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗಾಡಿ ಹತ್ತಿದಳು.

ಹೊಳೆನರಸೀಪುರದ ಆಸ್ಪತ್ರೆಗೆ ಹೊಸ ಡಾಕ್ಟರು ಬಂದಿದ್ದರು. ಹುಡುಗಿಗೆ ಯಾವುದಾದರೂ ಮದ್ದು ಒಗ್ಗುವುದಿಲ್ಲವೇ ಎಂದು ಕೇಳಿದರು.

“ಒಂದ್ ಸೂಜಿ ಆಗ್ಬರಕಿಲ್ಲ ಸಾ,” ಎಂದ ಲಕ್ಕಯ್ಯನಿಗೆ ಅದರ ಹೆಸರು ಹೊಳೆಯಲಿಲ್ಲ. ಮಾರಮ್ಮ ಚೀಟಿ ತೆಗೆದುಕೊಟ್ಟಳು.

ಡಾಕ್ಟರು ಅದನ್ನು ಎರಡು ಸಲ ಓದಿದರು. “ನಾನು ಕೊಡಬೇಕು ಅಂತಿದ್ದದ್ದು ಇದೇ ಮದ್ದು,” ಎಂದರು. ಬೇರೆ ಮದ್ದು ತರಿಸಿದರು. ಚೀಟಿಯನ್ನು ಇಷ್ಟು ಜೋಪಾನವಾಗಿ ಇಟ್ಟವರು ಯಾರು ಎಂದು ಕೇಳಿದರು.

“ನಮ್ಮೆಂಗ್ಸು ಸಾ,” ಎಂದ ಲಕ್ಕಯ್ಯ. “ಓದಕ್ ಬರಕಿಲ್ಲ. ಆದ್ರೂ ಯಾವ್ದು ಎಲ್ಲೈತೆ ಅಂತ ಅವ್ಳಿಗ್ ಗೊತ್ತು.”

ಹೆಂಡತಿಯನ್ನು ಅವನು ಹೊರಗಿನವರ ಮುಂದೆ ಹೊಗಳಿದ್ದು ಅದೇ ಮೊದಲು. ಮಾರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾಯಮ್ಮ ಗುಣವಾಗಿ ಮನೆಗೆ ಬಂದಳು. ಈಗ ಅರಕಲಗೂಡು ಕಡೆಯ ನೆಂಟರು ಬಂದರೂ ಲಕ್ಕಯ್ಯನೇ ಟ್ರಂಕು ತೆರೆದು ಚೀಲ ತೋರಿಸುತ್ತಾನೆ.

ಅಕ್ಕ ತಂಗಿಯರೇ, ಇಂದೇ ನಿಮ್ಮ ಮನೆಯ ಕಾಗದಗಳನ್ನು ಕೆಳಗಿಳಿಸಿ. ಓದು ಬಾರದಿದ್ದರೆ ನಾಚಿಕೆ ಬೇಡ, ಮೇಷ್ಟರಿಂದಲೋ ಗ್ರಾಮಸೇವಿಕೆಯಿಂದಲೋ ಓದಿಸಿ. ಬೇಡದ್ದನ್ನು ಧೈರ್ಯವಾಗಿ ಬಿಡಿ. ಬೇಕಾದ್ದನ್ನು ನಿಮಗೆ ಗುರುತು ಸಿಗುವಂತೆ ಇಡಿ, ಎಲ್ಲಿದೆ ಎಂದು ಮನೆಮಂದಿಗೆಲ್ಲ ಹೇಳಿ. ಇಂದು ನಿಮಗೆ ಬಿಡುವಿದೆ. ಮಗುವನ್ನು ಎತ್ತಿಕೊಂಡು ಓಡುವಾಗ ಹುಡುಕಲು ಬಿಡುವಿರುವುದಿಲ್ಲ.