ಟೈಲರಮ್ಮನ ಮರದ ಜಗಲಿ

ಕಂಡಕ್ಟರ್ ಸಾಹೇಬರು ಬಸ್ಸಿನ ಕೆಲಸದಿಂದ ನಿವೃತ್ತರಾದ ಮೇಲೆ ಅವರ ಕೈಗಳಿಗೆ ಮಾಡಲು ಏನೂ ಉಳಿದಿರಲಿಲ್ಲ. ಆ ಕೈಗಳಲ್ಲಿ ಒಂದು ಹೋಗಿ ಹೆಂಡತಿ ಟೈಲರಮ್ಮನ ಮೊಣಕೈ ಹಿಡಿದುಕೊಂಡಿತು, ಹಿಡಿದದ್ದು ಬಿಡಲಿಲ್ಲ. ಅಡುಗೆಮನೆಯಿಂದ ನಡುಮನೆಗೆ, ನಡುಮನೆಯಿಂದ ಬಚ್ಚಲಿಗೆ, ಅವಳು ಎಲ್ಲಿಗೆ ಹೊರಟರೂ "ಹುಷಾರು, ಹೊಸಲಿದೆ. ಹುಷಾರು, ಸ್ಟೂಲಿದೆ" ಎನ್ನುತ್ತ ಪಕ್ಕದಲ್ಲಿ ಹಾಜರು. ಬಸ್ಸಿನಲ್ಲಿ ಜನರನ್ನು ಒಳಗೆ ತಳ್ಳಿ ತಳ್ಳಿ ಬೈಸಿಕೊಂಡ ಮನುಷ್ಯ ಮನೆಯಲ್ಲಿ ಒಬ್ಬಳನ್ನು ಇಷ್ಟು ಮೆತ್ತಗೆ ನಡೆಸುತ್ತಾರೆಂದರೆ ಅವರ ಡ್ರೈವರು ಕೂಡ ನಂಬುತ್ತಿರಲಿಲ್ಲ.

ಹಿಡಿಯಲು ಕಾರಣವಿತ್ತು. ಟೈಲರಮ್ಮನ ನೋಟ ಲಾಡಿ ಎಳೆದ ಚೀಲದ ಬಾಯಿಯ ಹಾಗೆ ಸುತ್ತಲಿಂದ ಮುಚ್ಚಿಕೊಂಡು ಬರುತ್ತಿತ್ತು. ಎದುರಿಗಿಟ್ಟ ಗುಂಡಿ ಕಾಣುತ್ತಿತ್ತು, ಪಕ್ಕಕ್ಕಿಟ್ಟ ಕತ್ತರಿ ಕಾಣುತ್ತಿರಲಿಲ್ಲ. ಕಣ್ಣಿನ ಡಾಕ್ಟರು ಸುತ್ತಿ ಬಳಸದೆ ಹೇಳಿದ್ದರು: ಇದಕ್ಕೆ ಔಷಧಿಯಿಲ್ಲ, ಉಳಿದ ಕಿಂಡಿಯೂ ಒಂದು ದಿನ ಮುಚ್ಚುತ್ತದೆ. ಅವತ್ತಿನಿಂದ ಸಾಹೇಬರು ಎರಡು ಬದಲಾವಣೆ ಮಾಡಿಕೊಂಡರು. ಮೊಣಕೈ ಹಿಡಿಯಲು ಶುರು ಮಾಡಿದರು, ಚಹಾವನ್ನು ಬೈಯುವುದು ಬಿಟ್ಟರು.

ಎರಡನೆಯದೇ ಟೈಲರಮ್ಮನಿಗೆ ಹೆಚ್ಚು ಚುಚ್ಚಿತು. ಮದುವೆಯಾದಾಗಿನಿಂದ "ಸಕ್ಕರೆ ಸಾಲದು" ಎನ್ನದೆ ಒಂದು ಲೋಟ ಚಹಾ ಕುಡಿದ ಗಂಡಸಲ್ಲ ಅವರು. ಈಗ ಏನು ಕೊಟ್ಟರೂ "ಚೆನ್ನಾಗಿದೆ ಕಣೇ." ಪರೀಕ್ಷೆ ಮಾಡೋಣವೆಂದು ಒಂದು ಸಲ ಸಕ್ಕರೆಯ ಬದಲು ಉಪ್ಪು ಹಾಕಿ ಕೊಟ್ಟಳು. ಸಾಹೇಬರು ಕಣ್ಣು ಮುಚ್ಚಿ ಗಟಗಟ ಕುಡಿದು "ಚೆನ್ನಾಗಿದೆ" ಎಂದರು. ಜನ ಸತ್ತವರ ಬಗ್ಗೆ ಮಾತ್ರ ಹೀಗೆ ಬರೀ ಒಳ್ಳೆಯ ಮಾತಾಡುತ್ತಾರೆ ಎಂದು ಅವಳಿಗೆ ಅನಿಸಿತು. ಅವತ್ತು ಅವಳು ಅತ್ತದ್ದು ಸಾಹೇಬರಿಗೆ ಗೊತ್ತಿಲ್ಲ.

ಚಹಾ ಕುದಿಸುವುದು ಅವಳು, ಹೊತ್ತುಕೊಂಡು ಹೋಗುವುದು ಅವರು. ಅವರ ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಹೆಂಡತಿ.

ಮನೆಯಲ್ಲಿ ಅವಳಿಗೆ ತನ್ನದು ಅನಿಸಿದ ಜಾಗವೆಂದರೆ ಹಿತ್ತಲು. ಸಂಜೆಯ ಬೆಳಕು ಅಲ್ಲಿ ಕೊನೆಯವರೆಗೂ ನಿಲ್ಲುತ್ತಿತ್ತು. ಗುಂಡಿ, ಕಾಜಾ, ಹೆಮ್ಮಿಂಗು, ಕೈಹೊಲಿಗೆಯೆಲ್ಲ ನಿಂಬೆ ಗಿಡದ ಪಕ್ಕ ಕೂತೇ ಮುಗಿಸುತ್ತಿದ್ದಳು. ಆದರೆ ಹಿಂಬಾಗಿಲಿನಿಂದ ಇಳಿಯಲು ಮೂರು ಮೆಟ್ಟಿಲು, ಮೂರಕ್ಕೂ ಮೂರು ಎತ್ತರ, ಆಮೇಲೆ ಹಳ್ಳ ದಿಣ್ಣೆ. ಒಂದು ದಿನ ಸಾಹೇಬರು ಮನೆಯಲ್ಲಿಲ್ಲದಾಗ ಒಣಗಿದ ಬಟ್ಟೆ ತರಲು ಹೋಗಿ ಮುಗ್ಗರಿಸಿ ಮಂಡಿ ತರಚಿಕೊಂಡಳು. ಮರುದಿನವೇ ಸಾಹೇಬರು ಹಿಂಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸಿದರು.

ಆ ಬೀಗದ ಮುಂದೆ ನಿಂತೇ ಅವಳು ತೀರ್ಮಾನ ಮಾಡಿದಳು.

"ಹಿತ್ತಲಲ್ಲಿ ಒಂದು ಮರದ ಜಗಲಿ ಕಟ್ಟಿಸ್ತೀನಿ," ಎಂದಳು. "ಬಾಗಿಲಿಗೆ ಸಮವಾಗಿ, ನಿಂಬೆ ಗಿಡದ ತನಕ. ಮೆಟ್ಟಿಲೇ ಬೇಡ."

ಸಾಹೇಬರ ಮುಖ ಅರಳಿತು. "ಒಳ್ಳೇ ಯೋಚನೆ ಕಣೇ. ಎರಡು ಕುರ್ಚಿ ಹಾಕೋಣ, ಒಂದು ಟೇಬಲ್ಲು. ದಿನಾ ಸಾಯಂಕಾಲ ನಾನೇ ಕೈ ಹಿಡ್ಕೊಂಡು ಕರ್ಕೊಂಡು ಬರ್ತೀನಿ."

ಟೈಲರಮ್ಮನಿಗೆ ಬೇಕಾಗಿದ್ದು ಕೈ ಹಿಡಿಸಿಕೊಂಡು ಹೋಗುವ ಜಗಲಿಯಲ್ಲ. ಕಣ್ಣು ಪೂರ್ತಿ ಮುಚ್ಚಿದ ಮೇಲೂ ಯಾರ ಹಂಗಿಲ್ಲದೆ ಒಬ್ಬಳೇ ಹೋಗಿ ಬರುವ ಜಾಗ ಬೇಕಿತ್ತು. ಅದೊಂದು ಜಾಗವಾದರೂ ತನ್ನ ಕಾಲಿಗೆ ಗೊತ್ತಿರಬೇಕು, ಕಣ್ಣಿರುವಾಗಲೇ ಅದನ್ನು ಕಾಲಿಗೆ ಕಲಿಸಿಬಿಡಬೇಕು ಎಂದು ಪಟ್ಟು ಹಿಡಿದಿದ್ದಳು.

ಬಡಗಿ ಬಂದ ದಿನ ಅವಳು ಅವನ ಕೈಗೆ ಒಂದು ಹಳೆಯ ಬೆಡ್‌ಶೀಟು ಕೊಟ್ಟಳು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದೇನಮ್ಮಾ? ಒಗೆಯೋಕೆ ಕೊಟ್ರಾ?" ಎಂದ.

"ನಕ್ಷೆ ಕಣಪ್ಪಾ. ಕಣ್ಣು ಮುಚ್ಕೊಂಡು ಸವರು."

ಬೆಡ್‌ಶೀಟಿನ ತುಂಬ ದಾರದ ಹುರಿ ಇಟ್ಟು ಹೊಲಿದಿದ್ದಳು. ಬಾಗಿಲಿನಿಂದ ನಿಂಬೆ ಗಿಡದ ಕಡೆಗೆ ಹುರಿಗಳು ನೇರ ಓಡುತ್ತಿದ್ದವು. ಮೂರು ಬದಿಯ ಅಂಚಿನಲ್ಲಿ ಮಾತ್ರ ಒಂದು ಗೇಣಿನಷ್ಟು ಅಗಲಕ್ಕೆ ಅವು ಅಡ್ಡ ತಿರುಗಿದ್ದವು. ಬಡಗಿ ಬೆರಳಾಡಿಸಿದ. ತಲೆ ಕೆರೆದುಕೊಂಡ.

"ಹಲಗೆ ಗೋಡೆಗುಂಟ ಅಡ್ಡಕ್ಕೆ ಹಾಕಿದ್ರೇನೇ ಲಕ್ಷಣ," ಎಂದ. "ನಾನು ಹಾಕಿದ್ದೆಲ್ಲ ಹಂಗೇನೆ. ಹಿಂಗೆ ಹಾಕಿದ್ರೆ ತೊಲೆ ಎಲ್ಲ ತಿರುಗಿಸ್ಬೇಕು. ಅಂಚಿಗೆ ಮತ್ತೆ ತುಂಡು ಹಲಗೆ. ಕೆಲಸ ಎರಡರಷ್ಟು. ನೋಡೋಕೂ ಚೆನ್ನಾಗಿರಲ್ಲ."

"ನೋಡೋರು ಯಾರಪ್ಪಾ ಇಲ್ಲಿ?"

ಟೈಲರಮ್ಮ ಅವನಿಗೆ ಬಿಡಿಸಿ ಹೇಳಿದಳು. ಹಲಗೆ ಹಲಗೆಯ ನಡುವೆ ಹೇಗೂ ನೀರು ಇಳಿಯಲು ಸಂದು ಬಿಡುತ್ತಾರಲ್ಲ, ಆ ಸಂದೇ ಅವಳ ದಾರಿ. ಬರಿಗಾಲಿನಲ್ಲಿ ಸಂದಿನ ಗುಂಟ ನಡೆದರೆ ನೇರ ನಿಂಬೆ ಗಿಡ. ಕಾಲಡಿಯಲ್ಲಿ ಸಂದು ದಿಕ್ಕು ಬದಲಾಯಿಸಿತು ಎಂದರೆ ಅಂಚು ಬಂತು, ನಿಲ್ಲಬೇಕು. ಬಟ್ಟೆ ಮುಗಿಯುವುದು ಬೆರಳಿಗೆ ತಿಳಿಯುವ ಹಾಗೆ ಜಗಲಿ ಮುಗಿಯುವುದು ಪಾದಕ್ಕೆ ತಿಳಿಯಬೇಕು.

"ಸಂದು ಎಷ್ಟು ಬಿಡ್ಲಿ?" ಎಂದು ಕೇಳಿದ ಬಡಗಿ. ಈಗ ಅವನ ದನಿಯಲ್ಲಿ ತಕರಾರಿರಲಿಲ್ಲ.

ಅವಳು ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲು ತೆಗೆದು ಕೊಟ್ಟಳು. "ಇದರ ದಪ್ಪ. ಎಲ್ಲಾ ಕಡೆ ಇದೇ."

ಕೆಲಸ ಶುರುವಾಯಿತು. ಹಳೆಯ ಮೆಟ್ಟಿಲು ಒಡೆದರು, ಗುಂಡಿ ತೋಡಿ ಕಾಂಕ್ರೀಟು ಹಾಕಿ ಗಿಡ್ಡ ಕಂಬ ನಿಲ್ಲಿಸಿದರು, ಕಂಬದ ಮೇಲೆ ತೊಲೆ ಕೂರಿಸಿದರು. ಹಲಗೆ ಹಾಕಲು ಹತ್ತಿದ ಮೇಲೆ ಟೈಲರಮ್ಮ ಬಡಗಿಯ ಬೆನ್ನು ಬಿಡಲಿಲ್ಲ. ಒಂದೊಂದು ಹಲಗೆಗೆ ಸ್ಕ್ರೂ ಬಿಗಿದ ಕೂಡಲೇ ಚಪ್ಪಲಿ ಬಿಟ್ಟು ಅದರ ಮೇಲೆ ನಡೆದು ನೋಡುವಳು. ಒಂದು ಕಡೆ ನಿಂತು, "ಇಲ್ಲಿ ಸಂದು ಹೋಗ್ತಾ ಹೋಗ್ತಾ ಸಣ್ಣ ಆಗಿದೆ. ಬಿಚ್ಚಪ್ಪಾ," ಎಂದಳು.

"ಅಮ್ಮಾ, ಕೂದಲೆಳೆ ವ್ಯತ್ಯಾಸ."

"ಕೂದಲೆಳೆ ವ್ಯತ್ಯಾಸಕ್ಕೆ ನಾನು ಎಷ್ಟೋ ಕೋಟು ಬಿಚ್ಚಿ ಹೊಲಿದಿದೀನಿ. ಬಿಚ್ಚು."

ಬಡಗಿ ಮುಖ ಗಂಟಿಕ್ಕಿಕೊಂಡು ಬಿಚ್ಚಿದ. ಸಂಜೆಗೆ ಅವನೂ ಚಪ್ಪಲಿ ಬಿಟ್ಟು ಹಲಗೆಯ ಮೇಲೆ ಅತ್ತಿಂದಿತ್ತ ನಡೆಯುತ್ತಿದ್ದ.

ಸಾಹೇಬರು ಮಾತ್ರ ಕಿಟಕಿಯಲ್ಲಿ ನಿಂತು ಆ ಸಂದುಗಳನ್ನೇ ದುರುಗುಟ್ಟಿ ನೋಡುತ್ತಿದ್ದರು. ಹೆಂಡತಿ ಯಾಕೆ ಹಾಗೆ ಹಾಕಿಸುತ್ತಿದ್ದಾಳೆಂದು ಕೇಳಲಿಲ್ಲ. ಅವಳೂ ಹೇಳಲಿಲ್ಲ, ಹೇಳಿದರೆ "ನಾನಿಲ್ವಾ" ಎಂದು ಶುರು ಮಾಡುತ್ತಾರೆಂದು ಅವಳಿಗೆ ಗೊತ್ತಿತ್ತು. ಸಾಹೇಬರ ತಲೆಯಲ್ಲಿ ಇದ್ದದ್ದು ಒಂದೇ: ಸಂದಿಗೆ ಅವಳ ಬೆರಳು ಸಿಕ್ಕಿಕೊಂಡರೆ? ಮತ್ತೆ ಬಿದ್ದರೆ? ಊಟ ಮಾಡುವಾಗಲೂ ಅದೇ ಯೋಚನೆ, ಮಲಗಿದಾಗಲೂ ಅದೇ.

ಜಗಲಿ ಮುಗಿಯಿತು. ಬಡಗಿ ಸಾಮಾನು ಕಟ್ಟಿಕೊಂಡು ಹೋದ. ಕುರ್ಚಿಗಳಿಗೆ ದಿಂಬು ಹೊಲಿದು ಮುಗಿಸೋಣವೆಂದು ಟೈಲರಮ್ಮ ಆ ಮಧ್ಯಾಹ್ನವೆಲ್ಲ ಮೆಷಿನ್ನಿನ ಮುಂದೆ ಕೂತಳು. ಆ ಹೊತ್ತಿನಲ್ಲಿ ಸಾಹೇಬರು ಅಂಗಡಿಗೆ ಹೋಗಿ ಬಂದರು. ಬಂದವರು ಹಿತ್ತಲಲ್ಲಿ ಅದೇನೋ ಸರಬರ ಮಾಡಿ, ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದು, "ಬಾ, ನಿನಗೊಂದು ತೋರಿಸ್ಬೇಕು" ಎಂದು ಮೊಣಕೈ ಹಿಡಿದರು.

ಅವಳು ಹೊಸಲು ದಾಟಿ ಬರಿಗಾಲು ಇಟ್ಟಳು. ಕಾಲಿಗೆ ಮರ ಸಿಗಲಿಲ್ಲ. ಮೆತ್ತಗೆ ಏನೋ ಸಿಕ್ಕಿತು. ಇನ್ನೊಂದು ಹೆಜ್ಜೆ, ಅಲ್ಲೂ ಅದೇ. ಎಡಕ್ಕೆ ಸವರಿದಳು, ಬಲಕ್ಕೆ ಸವರಿದಳು, ಎಲ್ಲ ಕಡೆ ಒಂದೇ ಮೆತ್ತನೆ. ದಾರಿ ಯಾವುದು, ಅಂಚು ಯಾವುದು, ಏನೂ ತಿಳಿಯಲಿಲ್ಲ. ಡಾಕ್ಟರ ಮುಂದೆ ಕೂತಾಗಲೂ ಅವಳಿಗೆ ಇಷ್ಟು ಭಯವಾಗಿರಲಿಲ್ಲ.

"ಹಸಿರು ಕಾರ್ಪೆಟ್ಟು," ಎಂದರು ಸಾಹೇಬರು ಹೆಮ್ಮೆಯಿಂದ. "ಥೇಟ್ ಹುಲ್ಲಿದ್ದ ಹಾಗೇ ಇದೆ. ಒಂದು ಸಂದೂ ಬಿಡದೆ ಮುಚ್ಚಿದೀನಿ. ಇನ್ನು ಎಡವೋ ಮಾತೇ ಇಲ್ಲ."

ಟೈಲರಮ್ಮ ಮೊಣಕೈ ಬಿಡಿಸಿಕೊಂಡಳು.

"ನನ್ನ ಕಣ್ಣು ತಾನಾಗೇ ಹೋಗ್ತಾ ಇದೆ, ಅದಕ್ಕೆ ಯಾರನ್ನ ಬೈಯಲಿ? ಕಾಲಿಗೆ ಅಂತ ಎರಡು ಕಣ್ಣು ಮಾಡ್ಕೊಂಡೆ. ನೀವು ಅದರ ಮೇಲೂ ಕಂಬಳಿ ಹೊದಿಸಿಬಿಟ್ರಿ."

ಸಾಹೇಬರಿಗೆ ಏನೂ ಅರ್ಥವಾಗಲಿಲ್ಲ. "ನಾನಿದ್ದೀನಲ್ಲೇ," ಎಂದರು. "ನಾನೆಲ್ಲಿಗೆ ಹೋಗ್ತೀನಿ?"

"ನೀವು ಹೋಗಬೇಡಿ. ನಾನು ಹೋಗಬೇಕು. ಒಬ್ಬಳೇ, ಈ ಬಾಗಿಲಿಂದ ಆ ಗಿಡದ ತನಕ. ಮೊದಲು ಇದನ್ನ ಸುತ್ತಿ."

ಸಾಹೇಬರು ತೆಪ್ಪಗೆ ಕಾರ್ಪೆಟ್ಟು ಸುತ್ತಿ ಗೋಡೆಗೆ ನಿಲ್ಲಿಸಿದರು. ಟೈಲರಮ್ಮ ದಿಂಬಿಗೆ ಉಳಿದ ಬಟ್ಟೆಯ ತುಂಡು ತಂದು ಅವರ ಕಣ್ಣಿಗೆ ಬಿಗಿಯಾಗಿ ಕಟ್ಟಿದಳು. "ಚಪ್ಪಲಿ ಬಿಡಿ. ನಡೀರಿ."

"ಬಿದ್ದರೆ?"

"ಓಡೋ ಬಸ್ಸಲ್ಲಿ ಏನು ಹಿಡ್ಕೊಂಡು ನಿಂತಿರ್ತಿದ್ರಿ?"

"ಏನು ಹಿಡ್ಕೊಳ್ಳೋದು? ಒಂದು ಕೈಲಿ ಟಿಕೆಟ್ಟು, ಇನ್ನೊಂದು ಕೈಲಿ ಚಿಲ್ಲರೆ."

"ಮತ್ತೆ ಬೀಳಲಿಲ್ವಲ್ಲ. ಕಾಲು ನೋಡ್ಕೊಳ್ತಿತ್ತು. ಈಗಲೂ ನೋಡ್ಕೊಳ್ಳುತ್ತೆ, ನಡೀರಿ."

ಸಾಹೇಬರು ಎರಡು ಕೈ ಚಾಚಿ, ಸೊಂಟ ಬಗ್ಗಿಸಿ, ಹೆಜ್ಜೆ ಕಿತ್ತಿಟ್ಟರು. ಮೊದಲು ಗೋಡೆಯ ಕಡೆ ಹೊರಳಿದರು, ನಿಂತರು. ಪಾದದಿಂದ ಹುಡುಕಿದರು. ಸಂದು ಸಿಕ್ಕಿತು. ಅದರ ಗುಂಟ ಒಂದು ಹೆಜ್ಜೆ, ಇನ್ನೊಂದು. ನಡುದಾರಿಗೆ ಬರುವಷ್ಟರಲ್ಲಿ ಚಾಚಿದ ಕೈಗಳು ತಾವಾಗಿಯೇ ಕೆಳಗಿಳಿದವು, ಬೆನ್ನು ನೆಟ್ಟಗಾಯಿತು. ಬಸ್ಸಿನ ಹಳೆಯ ನಡಿಗೆ ಅದು. ಕೊನೆಗೆ ಕಾಲಡಿಯಲ್ಲಿ ಹಲಗೆ ಅಡ್ಡ ತಿರುಗಿದ್ದೇ ತಡ, ಸೀಟಿ ಕೇಳಿದ ಬಸ್ಸಿನ ಹಾಗೆ ನಿಂತರು.

ಕಟ್ಟಿದ ಬಟ್ಟೆ ಬಿಚ್ಚಿ ನೋಡಿದರು. ಅವರ ಹೆಬ್ಬೆರಳಿನ ಮುಂದೆ ಒಂದು ಗೇಣಿನಲ್ಲಿ ಜಗಲಿ ಮುಗಿದಿತ್ತು.

ಅವರು ತಿರುಗಿ ಬರುವಾಗ ಕೆಳಗೆ ನೋಡಿಕೊಂಡೇ ಬಂದರು. "ನನಗೆ ಹೆದರಿಕೆ ಕಣೇ," ಎಂದರು. "ಅವತ್ತಿಂದ ಒಂದು ಗಳಿಗೆ ಹೆದರಿಕೆ ಬಿಟ್ಟಿಲ್ಲ."

"ನನಗೂ ಇದೆ. ಹೆದರ್ಕೊಂಡೇ ನಡೀತೀನಿ. ಆದರೆ ನನ್ನ ಎರಡು ಕೈ ನನಗೆ ವಾಪಸ್ಸು ಬೇಕು."

ಸಾಹೇಬರು ಜೇಬಿಗೆ ಕೈ ಹಾಕಿ ಹಿಂಬಾಗಿಲ ಕೀಲಿ ತೆಗೆದು ಅವಳ ಅಂಗೈಗಿಟ್ಟರು.

ಸಂಜೆ ಅವಳು ಅವರನ್ನು ನಿಂಬೆ ಗಿಡದ ಪಕ್ಕದ ಕುರ್ಚಿಗೆ ಕಳಿಸಿದಳು. "ಕೂತಲ್ಲಿಂದ ಏಳಬಾರದು. ಹುಷಾರು ಅನ್ನಬಾರದು," ಎಂದು ತಾಕೀತು ಮಾಡಿ ಒಳಗೆ ಹೋದಳು. ಸಾಹೇಬರು ಕುರ್ಚಿಯ ಎರಡು ತೋಳುಗಳನ್ನು ಬಿಗಿಯಾಗಿ ಹಿಡಿದು ಕೂತರು.

ಟೈಲರಮ್ಮ ಹಿಂಬಾಗಿಲಲ್ಲಿ ಕಾಣಿಸಿಕೊಂಡಳು. ಒಂದೊಂದು ಕೈಯಲ್ಲೂ ಒಂದೊಂದು ಲೋಟ ಚಹಾ, ಹಬೆಯಾಡುತ್ತಿತ್ತು. ಹೊಸಲು ದಾಟಿ ಕಣ್ಣು ಮುಚ್ಚಿಕೊಂಡಳು. ಪಾದಕ್ಕೆ ಸಂದು ಸಿಕ್ಕಿತು. ನಡೆದಳು. ಅರ್ಧ ದಾರಿಯಲ್ಲಿ ಎಡಗಡೆಗೆ ಸ್ವಲ್ಪ ವಾಲಿದಳು. ಸಾಹೇಬರು ಏಳಲು ಹೋಗಿ, ಹಲ್ಲು ಕಚ್ಚಿ ಮತ್ತೆ ಕೂತರು. ಅವಳ ಕಾಲಿನ ಕಿರುಬೆರಳಿಗೆ ಅಡ್ಡ ಹಲಗೆ ತಾಕಿತು. ನಿಂತಳು, ಬಲಕ್ಕೆ ಸರಿದಳು, ಮತ್ತೆ ನೇರ ನಡೆದಳು. ಬೆರಳ ಮೇಲೆ ಒಂದಿಷ್ಟು ಚಹಾ ತುಳುಕಿ ಸುರ್ರೆಂದಿತು, ಅವಳು ಲೆಕ್ಕಕ್ಕೆ ತಗೊಳ್ಳಲಿಲ್ಲ. ಕೊನೆಯ ಅಡ್ಡ ಹಲಗೆ ಕಾಲಿಗೆ ಸಿಕ್ಕಿದಾಗ ಕಣ್ಣು ತೆರೆದು ಲೋಟ ಚಾಚಿದಳು.

ಸಾಹೇಬರು ತೆಗೆದುಕೊಂಡರು. ಅವಳು ಪಕ್ಕದ ಕುರ್ಚಿ ತಡವಿ ಕೂತು, ತಾನು ಹೊಲಿದ ದಿಂಬಿಗೆ ಒರಗಿಕೊಂಡಳು. ಸಾಹೇಬರು ಒಂದು ಗುಟುಕು ಕುಡಿದರು. ಬಾಯಲ್ಲೇ ಇಟ್ಟುಕೊಂಡು ಯೋಚಿಸಿದರು, ನುಂಗಿದರು.

"ಸಕ್ಕರೆ ಸಾಲದು," ಎಂದರು.

ಟೈಲರಮ್ಮನ ಹೊಟ್ಟೆ ತಣ್ಣಗಾಯಿತು. ಕಣ್ಣಲ್ಲಿ ನೀರು ಬಂತು, ಅದನ್ನು ಅವಳು ಒರೆಸಿಕೊಳ್ಳಲಿಲ್ಲ.

"ಸಾಲದಿದ್ರೆ ಎದ್ದು ಹೋಗಿ ಹಾಕ್ಕೊಳ್ಳಿ," ಎಂದಳು. "ಹುಷಾರು, ಹೊಸಲಿದೆ."