ನಮಸ್ಕಾರ ಅಂದರೆ ಮುಂದೆ ಹೋಗದ ಮೋಡೆಮ್

“ನೀಲಾ, ನಮ್ಮ ಮನ್ಯಾಗ ಮೋಡೆಮ್ಮಿಗೆ ದೃಷ್ಟಿ ತಗದಾರ! ಖರೇನ! ಉಪ್ಪು, ಒಣಾ ಮೆಣಸಿನಕಾಯಿ, ಎಲ್ಲಾ! ಲಗೂನ ಬಾ!” ರಾಜಶ್ರೀ ಫೋನಿನಲ್ಲೇ ಕಿರುಚಿದಳು.

ಅರ್ಧ ತಿಂದ ಗಿರಮಿಟ್ಟು ಬಿಟ್ಟು ಓಡಿದೆ. ಅವಳ ಅಣ್ಣ ಫಕ್ಕೀರೇಶ ನನ್ನ ಕ್ಲಾಸ್‌ಮೇಟು. ಇಬ್ಬರದೂ ಒಂದೇ ಪ್ರಾಜೆಕ್ಟು. ವೀಳ್ಯದೆಲೆ ತೋಟದ ಮಣ್ಣು ಒಣಗಿದರೆ ಪುಟ್ಟ ಕಂಪ್ಯೂಟರೊಂದು ಯುಎಸ್‌ಬಿ ಮೋಡೆಮ್ ಮೂಲಕ ತೋಟದವರಿಗೆ ಮೆಸೇಜು ಕಳಿಸಬೇಕು. ಮೋಡೆಮ್ಮನ್ನು ನಡೆಸುವ ಪ್ರೋಗ್ರಾಮು, ಅಂದರೆ ಡ್ರೈವರ್, ಬರೆದವನು ಫಕ್ಕೀರೇಶನೇ. ತೋಟದ ಯಜಮಾನರಾದ ಸವಣೂರಿನ ಹಸನಸಾಬರು ಮಾತ್ರ ಕರಾರು ಹಾಕಿದ್ದರು: ಇವತ್ತು ಸಂಜೆಯೊಳಗೆ ತಮ್ಮ ಫೋನಿಗೆ ಮೆಸೇಜು ಬಂದರಷ್ಟೇ ತೋಟದೊಳಗೆ ಕಾಲಿಡಬೇಕು. ತೋಟ ಸಿಗದಿದ್ದರೆ ನಮ್ಮ ಪ್ರಾಜೆಕ್ಟೂ ಇಲ್ಲ.

ಮನೆಯೊಳಗೆ ಮೆಣಸಿನಕಾಯಿ ಘಾಟು. ಫಕ್ಕೀರೇಶ ಕೆಮ್ಮುತ್ತ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ.

“ಇಂಜಿನಿಯರ್ ಸಾಹೇಬ್ರ, ಲಿಂಬಿಹಣ್ಣ ಕಟ್ಟಲಿಲ್ಲೇನ್ರಿ?” ಎಂದೆ.

“ಅವಂಗ್ಯಾಕ ಕಾಡ್ತೀ? ದೃಷ್ಟಿ ತಗದಾಕಿ ನಾನು,” ಎಂದರು ಅವನ ತಾಯಿ ಕರೆವ್ವ. “ಬೆಳ್ಳಗ ಚಂದ ಐತಿ. ಯಾರರ ನೋಡಿರ್ತಾರ.”

“ಕೇಬಲ್ ಬದಲ್ ಮಾಡೇನಿ, ಸಿಮ್ ಬದಲ್ ಮಾಡೇನಿ,” ಫಕ್ಕೀರೇಶ ಗೊಣಗಿದ. “ನಿನಗ ಹೋಗ್ತೈತಿ, ರಾಜಿಗೆ ಹೋಗ್ತೈತಿ. ಹಸನಸಾಬರಿಗಷ್ಟ ಹೋಗವಲ್ದು. ಟ್ರಾನ್ಸ್‌ಫರ್ ಎರರ್, ಟ್ರಾನ್ಸ್‌ಫರ್ ಎರರ್, ಅದ ರಾಗ.”

ನನಗೆ ಬಂದ ಮೆಸೇಜು ತೆಗೆದು ನೋಡಿದೆ: “ಎಮ್ಮಿ, ನೀರ ಬಿಡು.” ಲ್ಯಾಪ್‌ಟಾಪಿನಲ್ಲಿದ್ದ ಹಸನಸಾಬರದ್ದು ಉದ್ದವಾಗಿತ್ತು: ನಮಸ್ಕಾರ, ಅವರ ಹೆಸರು, ಆಮೇಲೆ ಮಣ್ಣು, ನೀರು.

“ನನಗ ಎಮ್ಮಿ, ಅವರಿಗೆ ನಮಸ್ಕಾರ! ಇರ್ಲಿ. ಅವರ ಮೆಸೇಜ ನನಗ ಕಳಸು ನೋಡೂಣು.”

ಕಳಿಸಿದ. ಅದೂ ಸಿಕ್ಕಿಕೊಂಡಿತು. ಅಂದರೆ ದೋಷ ಹಸನಸಾಬರ ನಂಬರಿನದಲ್ಲ, ಮೆಸೇಜಿನದು. ನಮಸ್ಕಾರ ತೆಗೆದು ಮತ್ತೆ ನನಗೇ ಕಳಿಸಿದೆವು. ಟಣ್ ಎಂದು ಬಂತು!

“ಆತು ಬಿಡು. ನಮಸ್ಕಾರ ಬ್ಯಾಡ,” ಎಂದ ಫಕ್ಕೀರೇಶ.

ಕರೆವ್ವ ಸೊಂಟಕ್ಕೆ ಕೈ ಕೊಟ್ಟು ನಿಂತರು. “ಹಿರ್ಯಾರಿಗೆ ನಮಸ್ಕಾರ ಇಲ್ದನ ನೀರ ಬಿಡು ಅಂತ ಹುಕುಂ ಮಾಡ್ತೈತೇನ ನಿನ್ನ ಮಷೀನು? ಮುಂಜೇಲೆ ನಾನ ಹೇಳಿ ಹಾಕ್ಸೇನಿ. ತಗದೀ ಅಂದ್ರ ನಿನಗ ರೊಟ್ಟಿ ಇಲ್ಲ.”

ರೊಟ್ಟಿಯ ಮಾತು ಬಂದ ಮೇಲೆ ಅವನ ತಲೆ ಓಡಿತು. ಕಳಿಸಿದ್ದೆಲ್ಲದರ ಲೆಕ್ಕವಿರುವ ಲಾಗ್ ತೆರೆದ. ನಮಸ್ಕಾರ ಸೇರಿದರೆ ಮೆಸೇಜು ಸರಿಯಾಗಿ ಅರವತ್ತನಾಲ್ಕು ಬೈಟು. ಡ್ರೈವರು ಮೋಡೆಮ್ಮಿಗೆ ಒಂದು ಸಲಕ್ಕೆ ಕೊಡುವ ಪ್ಯಾಕೆಟ್ಟೂ ಅಷ್ಟೇ ದೊಡ್ಡದು. ಪ್ಯಾಕೆಟ್ಟು ಅರ್ಧಂಬರ್ಧ ಬಂದರೆ ಮೋಡೆಮ್ಮಿಗೆ ಮಾತು ಮುಗಿಯಿತೆಂದು ತಿಳಿಯುತ್ತದೆ. ತುಂಬಿ ಬಂದರೆ, ಪಾಪ, ಇನ್ನೂ ಏನೋ ಇದೆಯೆಂದು ಬಾಯಿ ತೆರೆದು ಕಾಯುತ್ತದೆ. ಹಿಂದೆಯೇ ಒಂದು ಖಾಲಿ ಪ್ಯಾಕೆಟ್ಟು ಕಳಿಸಿ ‘ಮುಗಿಯಿತು’ ಎನ್ನಬೇಕಿತ್ತು. ನಮ್ಮ ಸಾಹೇಬರು ಅದನ್ನೇ ಮರೆತಿದ್ದರು.

“ಒಂದ ಚುಕ್ಕಿ ಜಾಸ್ತಿ ಹಾಕು, ಹೋಗ್ತೈತಿ,” ಎಂದೆ.

“ನಾಳೆ ಇನ್ನೊಂದ ಮೆಸೇಜ ಅಷ್ಟ ಉದ್ದ ಆದ್ರ? ಡ್ರೈವರ್‌ನ್ಯಾಗ ಸರಿ ಮಾಡ್ತೇನಿ, ತಡಿ.”

ಒಂದೇ ಸಾಲು ಸೇರಿಸಿ ಮತ್ತೆ ಶುರು ಮಾಡಿದ. ಹೊರಗೆ ಹೊತ್ತು ಇಳಿಯುತ್ತಿತ್ತು. ಪರದೆಯ ಮೇಲೆ ‘ಹೋಯಿತು’ ಎಂದು ಬಂತು. ಆಮೇಲೆ ಇನ್ನೊಂದು. ಮತ್ತೊಂದು. ಮುಂಜಾನೆಯಿಂದ ಸಾಲಿನಲ್ಲಿ ಸಿಕ್ಕಿಬಿದ್ದವೆಲ್ಲ ಒಂದರ ಹಿಂದೊಂದು ಸವಣೂರಿಗೆ ನುಗ್ಗುತ್ತಿದ್ದವು.

“ನಿಲ್ಸಲೇ!” ಎಂದು ಚೀರಿದೆ. ಅಷ್ಟರಲ್ಲಿ ಅವನ ಫೋನು ರಿಂಗಾಯಿತು. ಹಸನಸಾಬರು! ಫಕ್ಕೀರೇಶ ಸ್ಪೀಕರ್ ಹಾಕಿದ.

“ಏನೋ ತಮ್ಮಾ, ಎಷ್ಟ ನಮಸ್ಕಾರ ಮಾಡ್ತೀಯೋ! ನನ್ನ ಅಳಿಯಾ ಮದವಿ ದಿನಾನೂ ಇಷ್ಟ ಮಾಡಿಲ್ಲ.”

ನಾನು ಜೋರಾಗಿ ನಕ್ಕುಬಿಟ್ಟೆ.

“ತಪ್ಪಾತ್ರೀ ಸಾಬ್ರ, ಅದು ಡ್ರೈವರು...”

“ಯಾವ ಡ್ರೈವರ್ ಆದ್ರೇನು, ಮರ್ಯಾದಿ ಬಲ್ಲಾಂವ. ಮಷೀನ ತಗೊಂಡ ನಾಳೆ ಹತ್ತಕ್ಕ ತೋಟಕ್ಕ ಬರ್ರಿ. ಆ ನಗೂ ಹುಡುಗೀನೂ ಕರ್ಕೊಂಡ ಬಾ.”